ಆರರ ಮೇಲೊಂದು

ಸವದತ್ತಿ
ತಾ. ೧೮ ಜೂನ್ ೧೯೧೦, ಶನಿವಾರ

ಚಿರಂಜೀವಿ ಬಾಳುವಿಗೆ ನಿಮ್ಮಪ್ಪನ ಅನೇಕ ಆಶೀರ್ವಾದಗಳು. ಇಲ್ಲಿ ನಾನು, ನಿನ್ನ ಮರೆವ್ವತ್ತಿ, ಮೊನ್ನೆ ಕರು ಹಾಕಿದ ಕೆಂದಾಕಳು ಎಲ್ಲರೂ ಕ್ಷೇಮ. ನೀನೂ ಸೊಸೆ ಶೆಟ್ಟೆವ್ವನೂ ಹುಬ್ಬಳ್ಳಿಯಲ್ಲಿ ಆರಾಮವಾಗಿದ್ದೀರೆಂದು ನಂಬಿದ್ದೇನೆ. ರೈಲಿನ ಕಾರಖಾನೆಯ ಹೊಗೆಗೆ ಕೆಮ್ಮು ಬರುತ್ತದೆ ಎಂದು ಬರೆದಿದ್ದೀ. ಅತ್ತಿ ಜ್ಯೇಷ್ಠಮಧು ಕಳಿಸುತ್ತಾಳಂತೆ, ಬಾಯಲ್ಲಿ ಇಟ್ಟುಕೋ.

ನಿನ್ನ ಪತ್ರ ಬಂದು ಇಪ್ಪತ್ತು ದಿನವಾದವು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಸಾಲಿಯ ಪರೀಕ್ಷೆಯಿತ್ತು, ಆಮೇಲೆ ತಪಾಸಣೆಗೆ ಸಾಹೇಬರು ಬಂದರು, ಬಾಲದ ಚುಕ್ಕಿ ನೋಡುತ್ತೇವೆಂದು ಊರಿಗೆ ಊರೇ ಗುಡ್ಡ ಹತ್ತಿತು. ಇವೆಲ್ಲ ಬೇರೆಯವರಿಗೆ ಹೇಳಿದ ನೆಪ. ನಿನಗೆ ನಿಜ ಹೇಳುತ್ತೇನೆ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದು ಒಲೆಗೆ ಹಾಕಿದೆ. ಮಕ್ಕಳ ಪಾಟಿಯ ಮೇಲಿನ ತಪ್ಪನ್ನು ದಿನವಿಡೀ ತಿದ್ದುವ ಮಾಸ್ತರನಿಗೆ ತನ್ನ ಒಂದು ಕಾಗದ ಬರೆಯಲು ಬರಲಿಲ್ಲ ನೋಡು.

ಯಾರೋ ಊರಿಗೆ ಹೋಗುವಾಗ ಬಿಟ್ಟುಹೋದ ಫೋಟೋ ಪೆಟ್ಟಿಗೆ ನಿನಗೆ ಸಿಕ್ಕಿದೆ, ಅದು ನನ್ನದರ ಹಾಗೆಯೇ ಕೈಯಿಂದ ಮುಚ್ಚಳ ತೆಗೆದು ಮುಚ್ಚುವಂಥದ್ದು ಎಂದು ಓದಿ ಮೊದಲು ನಕ್ಕೆ. ‘ಅಪ್ಪಾ, ನನ್ನ ಫೋಟೋದಾಗ ಬ್ಯಾಸಗಿ ಮಳಿಗಾಲ ಎಲ್ಲಾ ಒಂದ ಥರ ಕಾಣತಾವು. ಧಾರವಾಡ ಯಾವದು, ಹುಬ್ಬಳ್ಳಿ ಯಾವದು ಗೊತ್ತ ಆಗೂದಿಲ್ಲ. ಏನ್ ಮಾಡ್ಲಿ?’ ಎಂದು ಕೇಳಿದ್ದೀ. ಇದಕ್ಕೆ ಉತ್ತರ ನನ್ನ ಹತ್ತಿರ ಇದೆ. ಆದರೆ ಕಾಗದದ ಕೊನೆಗೆ ಇನ್ನೊಂದು ಸಾಲು ಬರೆದಿದ್ದೀ. ಶ್ರಾವಣದಲ್ಲಿ ಬರುತ್ತೇನೆ, ಅವ್ವ ಕುಳಿತಿದ್ದ ಹೂಲಿಯ ಮೆಟ್ಟಿಲ ಮೇಲೆ ಶೆಟ್ಟೆವ್ವನನ್ನು ಕೂಡ್ರಿಸಿ ಫೋಟೋ ತೆಗೆಯುತ್ತೇನೆ, ಜಾಗ ತೋರಿಸಲು ಚಕ್ಕಡಿಯ ನೀಲಪ್ಪಕಾಕಾ ಒಪ್ಪಿದ್ದಾನೆ, ಎಂದು. ಇಪ್ಪತ್ತು ದಿನ ತಿಂದದ್ದು ಆ ಸಾಲು. ಅದಕ್ಕೆ ಹೂಂ ಅನ್ನಲೋ ಬೇಡ ಅನ್ನಲೋ ತಿಳಿಯುತ್ತಿಲ್ಲ. ಮೊದಲು ನೀನು ಕೇಳಿದ್ದನ್ನು ಹೇಳುತ್ತೇನೆ.

ಹೊಸಬರು ಮಾಡುವ ಮೊದಲ ತಪ್ಪೆಂದರೆ ಹೋದ ಕೂಡಲೇ ಪೆಟ್ಟಿಗೆ ಬಿಚ್ಚುವುದು. ನಾನೂ ಮಾಡಿದ್ದೇನೆ. ಸೇತುವೆಯ ಅಳತೆಗೆ ಬಂದಿದ್ದ ಸಾಹೇಬ ತನ್ನ ದೇಶಕ್ಕೆ ಹೋಗುವಾಗ ಪೆಟ್ಟಿಗೆ ನನ್ನ ಕೈಗೆ ಕೊಟ್ಟು, ಮೂರು ದಿನ ಕಲಿಸಿ ಹೋದ. ನಾಲ್ಕನೇ ದಿನ ನಾನು ನವಿಲುತೀರ್ಥಕ್ಕೆ ಓಡಿದೆ. ವೈಶಾಖದ ನಡುಮಧ್ಯಾಹ್ನ. ಗುಡ್ಡ ಸೀಳಿಕೊಂಡು ಹೊಳೆ ಹರಿಯುವ ಆ ಜಾಗ ನೀನು ನೋಡಿದ್ದೀ, ಎದೆ ಝಲ್ಲೆನ್ನುತ್ತದೆ. ನನ್ನ ಗಾಜಿನ ಪ್ಲೇಟಿನಿಂದ ಮೂಡಿದ ಚಿತ್ರದಲ್ಲಿ ಮಾತ್ರ ಎರಡು ಬೂದಿಗುಡ್ಡೆ, ನಡುವೆ ಒಂದು ಸುಣ್ಣದ ಗೆರೆ. ಬಿಸಿಲು ನೆತ್ತಿಯ ಮೇಲಿದ್ದಾಗ ಕಲ್ಲಿಗೆ ನೆರಳಿಲ್ಲ, ನೆರಳಿಲ್ಲದ ಕಲ್ಲಿಗೆ ಆಕಾರವಿಲ್ಲ. ನಿನ್ನ ನೆರಳು ನಿನಗಿಂತ ಉದ್ದವಾಗಿರುವ ಹೊತ್ತಿಗೆ ಹೋಗು. ಮೊದಲ ದಿನ ಬರಿಗೈಲಿ ಹೋಗಿ ಸುಮ್ಮನೆ ಕುಳಿತು ಬಾ. ಸ್ವಲ್ಪ ಹೊತ್ತಿಗೆ ಆ ಜಾಗವೂ ನಿನ್ನನ್ನು ನೋಡುತ್ತಿದೆ ಅನ್ನಿಸುತ್ತದೆ. ಹಾಗೆ ಅನ್ನಿಸದ ಜಾಗದಲ್ಲಿ ಪ್ಲೇಟು ಹಾಳು ಮಾಡಬೇಡ.

ಮಳೆಗಾಲವನ್ನು ಹಿಡಿಯಬೇಕೆಂದು ಮೋಡದ ಕಡೆ ಪೆಟ್ಟಿಗೆ ತಿರುಗಿಸಬೇಡ. ನಮ್ಮ ಪ್ಲೇಟಿಗೆ ಆಕಾಶ ಕಾಣುವುದಿಲ್ಲ, ಚಿತ್ರದಲ್ಲಿ ನೀಲಿಯೆಲ್ಲ ಬಿಳಿಯಾಗಿ ಹೋಗುತ್ತದೆ. ಕಾಲ ಕಾಣುವುದು ನೆಲದಲ್ಲಿ. ನಿನ್ನೆಯ ಮಿರಗದ ಮಳೆಗೆ ನಮ್ಮ ಎರೆಹೊಲದಲ್ಲಿ ಎತ್ತಿನ ಗೊರಸು ಊರಿ, ಪ್ರತಿ ಗೊರಸಿನಲ್ಲೂ ನೀರು ನಿಂತಿತ್ತು. ಅಂಥದ್ದನ್ನು ಹತ್ತಿರದಲ್ಲಿಟ್ಟು ದೂರದಲ್ಲಿ ಯಲ್ಲಮ್ಮನ ಗುಡ್ಡ ಇಡು. ನೋಡಿದವರು ಇದು ಸವದತ್ತಿ, ಇದು ಮಿರಗ ಅಂತ ತಾವೇ ಹೇಳುತ್ತಾರೆ. ಅದೇ ಜಾಗಕ್ಕೆ ಹಸ್ತದ ಮಳೆಗೆ ಒಮ್ಮೆ, ಜೋಳ ತೆನೆ ಹಿಡಿದಾಗ ಒಮ್ಮೆ, ಕಣಕ್ಕೆ ಬಂದಾಗ ಒಮ್ಮೆ ಹೋಗು. ಮೂರು ಕಾಲಿನ ಸ್ಟ್ಯಾಂಡು ಊರಿದ ಕಡೆ ಒಂದು ಕಲ್ಲು ಹುಗಿದು ಬಾ, ಗುರುತು ಸಿಗುತ್ತದೆ.

ಇನ್ನೊಂದು. ಕೆಂಪು ಬಣ್ಣ ಚಿತ್ರದಲ್ಲಿ ಕಪ್ಪಾಗುತ್ತದೆ. ಕೆಮ್ಮಣ್ಣಿನ ಗೋಡೆ ಮಸಿ ಬಳಿದ ಹಾಗೆ ಬರುತ್ತದೆ. ಹೆಣ್ಣುಮಕ್ಕಳ ಕುಂಕುಮ, ಇಳಕಲ್ ಸೀರೆಯ ಕೆಂಪು ಸೆರಗು ಎಲ್ಲ ಕಪ್ಪೇ. ಶೆಟ್ಟೆವ್ವನಿಗೆ ಮುಂಚೆಯೇ ಹೇಳಿಬಿಡು, ಇಲ್ಲದಿದ್ದರೆ ಅಪಶಕುನ ಅಂದುಕೊಂಡಾಳು.

ಯರಗಟ್ಟಿಯ ಸಂತೆಯ ಕಥೆ ನಿನಗೆ ಹೇಳಿದ್ದೇನೋ ಇಲ್ಲವೋ. ಒಂದು ಸೋಮವಾರ ಮೋಡ ಕವಿದ ಸಂಜೆ. ಬೆಳಕು ಕಡಿಮೆ, ಪ್ಲೇಟು ಹಳೆಯದು, ನಾನು ನೂರರವರೆಗೆ ಎಣಿಸಿ ಮುಚ್ಚಳ ಹಾಕಿದೆ. ಸಂತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಕೂಗಾಟ, ತಳ್ಳಾಟ, ಧೂಳು. ಮನೆಗೆ ಬಂದು ಕೆಂಪು ಕಂದೀಲಿನ ಬೆಳಕಿನಲ್ಲಿ ಪ್ಲೇಟನ್ನು ಔಷಧದಲ್ಲಿ ತೊಳೆದೆ. ಸಂತೆಯಲ್ಲಿ ಜನವೇ ಇರಲಿಲ್ಲ ಬಾಳು. ಜೋಳದ ರಾಶಿ ಇದೆ, ಗಡಿಗೆಗಳಿವೆ, ಬಿಚ್ಚಿಟ್ಟ ಚಕ್ಕಡಿಗಳಿವೆ, ಕೊಡುವವರಿಲ್ಲ ಕೊಳ್ಳುವವರಿಲ್ಲ. ಅಲ್ಲಲ್ಲಿ ನೆಲದ ಮೇಲೆ ಮಂಜಿನಂಥ ಒಂದು ಎಳೆ. ಒಂದು ನಾಯಿ ಮಾತ್ರ ಮಲಗಿದ್ದು ಮಲಗಿದ ಹಾಗೇ ಸ್ಪಷ್ಟವಾಗಿದೆ. ಆ ಚಿತ್ರ ನೋಡಿ ಅಲ್ಲಿಯ ಕಾಳಿನ ವ್ಯಾಪಾರಿ ಲಗಮಪ್ಪ, ‘ಮಾಸ್ತರ, ನಾ ಅಲ್ಲೇ ನಿಂತಿದ್ನೆಲ್ರಿ! ನನ್ನ ಏನ್ ಮಾಡಿದ್ರಿ?’ ಎಂದು ತನ್ನ ತೋಳು ತಾನೇ ಮುಟ್ಟಿ ನೋಡಿಕೊಂಡ. ಆಮೇಲೆ ಎರಡು ಸಂತೆ ಅಂಗಡಿ ಹಾಕಲಿಲ್ಲ.

ಕಿತ್ತೂರಿನಲ್ಲಿ ಇದರ ಉಲ್ಟಾ ಆಯಿತು. ಪಾಳುಬಿದ್ದ ಅರಮನೆಯ ಗೋಡೆಯ ಮುಂದೆ ಬೆಳಗಿನ ಹೊತ್ತು ಸ್ಟ್ಯಾಂಡು ಊರಿದೆ. ಒಂದು ನರಪಿಳ್ಳೆ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ತೊಳೆದಾಗ ಗೋಡೆಯ ಬುಡದಲ್ಲಿ ಒಬ್ಬ ಮುದುಕ ಕುಳಿತಿದ್ದಾನೆ, ಕಂಬಳಿ ಹೊದ್ದು, ನೇರ ನನ್ನನ್ನೇ ನೋಡುತ್ತ. ಆ ರಾತ್ರಿ ಕಂದೀಲು ಆರಿಸಲು ನನಗೆ ಧೈರ್ಯ ಬರಲಿಲ್ಲ. ಮರುವಾರ ಹೋಗಿ ವಿಚಾರಿಸಿದೆ. ಕುರಿ ಕಾಯುವ ಸಂಗಪ್ಪ, ದಿನಾ ಅಲ್ಲೇ ಕುಳಿತುಕೊಳ್ಳುತ್ತಾನೆ. ಅಲುಗಾಡದೆ ಕುಳಿತಿದ್ದರಿಂದ ನಾನು ಅವನನ್ನು ಕಲ್ಲು ಅಂದುಕೊಂಡಿದ್ದೆ. ಇಷ್ಟೇ ಪಾಠ. ಮುಚ್ಚಳ ತೆರೆದಿರುವಷ್ಟು ಹೊತ್ತು ಅಲುಗಾಡಿದವರನ್ನು ಪೆಟ್ಟಿಗೆ ಅಳಿಸಿಬಿಡುತ್ತದೆ, ಅಲುಗಾಡದವರನ್ನು ನಮ್ಮ ಕಣ್ಣಿಗೆ ಬೀಳದಿದ್ದರೂ ಹಿಡಿದಿಡುತ್ತದೆ.

ಈಗ ಎಣಿಕೆಯ ವಿಷಯ. ಇಲ್ಲಿಂದ ಅಕ್ಷರ ಕೆಟ್ಟರೆ ಹೊಂದಿಸಿಕೊಂಡು ಓದು.

ಸಾವಿರದ ಒಂಬೈನೂರಾ ಎರಡರ ಆಷಾಢ. ನಿನಗೆ ಹನ್ನೆರಡು ವರ್ಷ, ರಾಮದುರ್ಗದಲ್ಲಿ ನಿನ್ನಜ್ಜಿಯ ಮನೆಯಲ್ಲಿದ್ದೆ. ನಿನ್ನವ್ವ ರಾಮವ್ವ ಒಂದು ದಿನ, ‘ಊರಾಗಿನ ಕಲ್ಲು, ಮಣ್ಣು, ನಾಯೀದೂ ಫೋಟೋ ತಗದ್ರಿ. ನಾನೇನ ಆ ನಾಯಿಗಿಂತ ಕಡಿಮೀನ್ರಿ?’ ಅಂದಳು. ನೀಲಪ್ಪನ ಚಕ್ಕಡಿ ಕಟ್ಟಿಸಿ ಹೂಲಿಗೆ ಹೋದೆವು. ಊರ ಹೊರಗೆ ಪಾಳುಬಿದ್ದ ಒಂದು ಹಳೆಯ ಕಲ್ಲುಗುಡಿ, ಐದು ಮೆಟ್ಟಿಲು. ಮೂರನೆಯದರ ಮೇಲೆ ಕೂಡ್ರಿಸಿದೆ. ಕಲ್ಲಿನ ಸಂದಿಯಲ್ಲೆಲ್ಲ ಹುಲ್ಲು ಎದ್ದಿತ್ತು, ಹಸಿಕಲ್ಲಿನ ವಾಸನೆ. ಮೋಡದ ಬೆಳಕು, ಇಪ್ಪತ್ತು ಎಣಿಸಬೇಕು. ‘ನಾ ಎಣಸ್ತೇನಿ, ನೀ ಅಲುಗಾಡಬ್ಯಾಡ’ ಅಂದು ಮುಚ್ಚಳ ತೆಗೆದೆ. ಸಾಲಿಯ ಮಗ್ಗಿ ಹೇಳಿಸುವ ಗಂಟಲಿನಲ್ಲಿ ಶುರುಮಾಡಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು.

ಅವಳು ಎದ್ದಳು. ಸೀರೆ ಕೊಡವಿಕೊಂಡು ಚಕ್ಕಡಿಯ ಕಡೆ ನಡೆದೇಬಿಟ್ಟಳು.

‘ಎಲ್ಲಿಗ್ಹೊಂಟೀ?’ ಎಂದು ಕೂಗಿದೆ.

‘ನೀವ ಏಳು ಅಂದ್ರಲ್ರಿ!’

‘ಅದು ಲೆಕ್ಕದ ಏಳು!’

‘ಲೆಕ್ಕದ ಏಳೋ ಎದ್ದ ನಿಂದ್ರೂ ಏಳೋ ನನಗೇನ ಗೊತ್ತರಿ? ನಾ ಏನ್ ಸಾಲಿ ಕಲತಾಕಿ? ಗಂಡ ಏಳು ಅಂದ, ಎದ್ದೆ.’

ನೀಲಪ್ಪ ನಕ್ಕು ನಕ್ಕು ಎತ್ತಿನ ಕೊರಳಿಗೆ ಜೋತುಬಿದ್ದ. ನನಗೆ ಮಾತ್ರ ಸಿಟ್ಟು. ಪುಣೆಯಿಂದ ತರಿಸಿದ ಡಜನ್ನಿನಲ್ಲಿ ಉಳಿದದ್ದು ಎರಡೇ ಪ್ಲೇಟು, ಅದರಲ್ಲಿ ಒಂದು ಹೋಯಿತಲ್ಲ ಎಂದು. ದಾರಿಯುದ್ದಕ್ಕೂ ಅವಳನ್ನು ಬೈದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮನೆಗೆ ಬಂದು ತೊಳೆದಾಗ ಮೊದಲು ಮೆಟ್ಟಿಲು ಮೂಡಿತು. ಆಮೇಲೆ ನಿಧಾನವಾಗಿ ಅದರ ಮೇಲೆ ಅವಳು. ಇಪ್ಪತ್ತರಲ್ಲಿ ಏಳರಷ್ಟೇ ಕುಳಿತಿದ್ದಳಲ್ಲ, ಅಷ್ಟೇ ಬಂದಿದ್ದಳು. ಮುಖ ಇದೆ, ಮೂಗುತಿ ಇದೆ, ಎದೆಯ ಒಳಗಿಂದ ಹಿಂದಿನ ಮೆಟ್ಟಿಲಿನ ಕೆತ್ತನೆಯೂ ಕಾಣುತ್ತಿದೆ. ಮರೆವ್ವತ್ತಿ ನೋಡಿ ಹಿಂದೆ ಸರಿದಳು. ‘ತಮ್ಮಾ, ಈಕಿ ಮೈಯಾಗಿಂದ ಕಲ್ಲು ಕಾಣತಾವಲ್ಲೋ! ಇದನ್ನ ಮನ್ಯಾಗ ಇಡಬ್ಯಾಡ. ಒಡದು ಹೊಳ್ಯಾಗ ಹಾಕು.’ ನಿನ್ನವ್ವ ಹೆದರಲಿಲ್ಲ. ಪ್ಲೇಟನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ‘ಅರ್ಧಾ ಬಂದೇನಿ. ಇನ್ನರ್ಧಾ ಅಲ್ಲೇ ಉಳೀತೇನ್ರಿ?’ ಅಂದಳು. ನಾನು ನಕ್ಕೆ. ‘ಮುಂದಿನ ತಿಂಗಳ ಹೋಗಿ ಅದನ್ನೂ ತರೂಣು’ ಅಂದೆ.

ಶ್ರಾವಣದಲ್ಲಿ ಮತ್ತೆ ಹೋದೆವು. ಆ ಸಲ ಜಾಣತನ ಮಾಡಿದೆ. ಎಣಿಸುವಾಗ ಏಳು ಎಂಬ ಮಾತನ್ನೇ ಬಿಟ್ಟು, ‘ಆರು, ಆರರ ಮ್ಯಾಲೊಂದು, ಎಂಟು’ ಅಂದೆ. ಸವದತ್ತಿಯ ಹುಡುಗರು ನನ್ನ ಬೆನ್ನ ಹಿಂದೆ ‘ಆರರ ಮ್ಯಾಲೊಂದು ಮಾಸ್ತರ’ ಎಂದು ಆಡಿಕೊಳ್ಳುತ್ತಾರಲ್ಲ, ನೀನೂ ಚಿಕ್ಕವನಿದ್ದಾಗ ಅದಕ್ಕಾಗಿ ಜಗಳ ಮಾಡಿ ಮೂಗು ಒಡೆಸಿಕೊಂಡು ಬಂದಿದ್ದೆ. ಆಮೇಲೆ ಸಾಲಿಯಲ್ಲೂ ಹಾಗೆಯೇ ಎಣಿಸುವುದು ರೂಢಿಯಾಗಿ ಆ ಹೆಸರು ಹುಟ್ಟಿತು. ಆ ಸಲ ಅವಳು ಅಲುಗಾಡಲಿಲ್ಲ. ಪ್ಲೇಟು ಚೆನ್ನಾಗಿ ಬಂತು. ಅದರ ಬಗ್ಗೆ ಇಷ್ಟು ಸಾಕು.

ಆ ಶ್ರಾವಣದಲ್ಲೇ ನೀನು ಅವಳನ್ನು ಕಳೆದುಕೊಂಡೆ. ಹಾವು ಎನ್ನಲು ಬಾಯಿ ಬಾರದೆ, ಹೊಲದ ಬದುವಿನ ಮೇಲೆ ಹುಳ ಮುಟ್ಟಿತು ಎಂದು ನಿನಗೆ ಹೇಳಿದೆವು. ಅವ್ವನ ಫೋಟೋ ಎಲ್ಲಿ ಎಂದು ನೀನು ಕೇಳಿದಾಗಲೆಲ್ಲ ಪ್ಲೇಟು ಒಡೆದವು ಅಂದೆ. ಒಡೆದಿಲ್ಲ. ಎರಡೂ ನನ್ನ ಟ್ರಂಕಿನಲ್ಲಿ ಇವೆ.

ಮರುವರ್ಷ ಶ್ರಾವಣದಲ್ಲಿ ಒಬ್ಬನೇ ಹೂಲಿಗೆ ಹೋದೆ. ಬರಿ ಮೆಟ್ಟಿಲನ್ನು ತೆಗೆಯೋಣ, ಮನಸ್ಸಿಗೆ ಸಮಾಧಾನವಾದೀತು ಎಂದು. ಕರಿ ಬಟ್ಟೆಯ ಒಳಗೆ ತಲೆ ಹಾಕಿದರೆ ಗಾಜಿನ ಮೇಲೆ ಗುಡಿ ತಲೆಕೆಳಗಾಗಿ ತೂಗುತ್ತಿತ್ತು. ಪೆಟ್ಟಿಗೆಯಲ್ಲಿ ಯಾವಾಗಲೂ ಹಾಗೇ ಕಾಣುವುದು, ನಿನಗೂ ಗೊತ್ತು. ಆದರೂ ಅವತ್ತು ಮೂರನೆಯ ಮೆಟ್ಟಿಲಿನಿಂದ ಏನೋ ಕೆಳಗೆ ಬಿದ್ದೀತು ಎಂದು ಕೈ ಒಡ್ಡಿದೆ. ಮುಚ್ಚಳ ತೆಗೆದು ಎಣಿಸಿದೆ. ಆರರವರೆಗೆ ಬಂದೆ. ಮುಂದಿನದು ಬಾಯಿಂದ ಹೊರಡಲಿಲ್ಲ. ಆರರ ಮೇಲೊಂದು ಅನ್ನಲೂ ಆಗಲಿಲ್ಲ. ಏಳು ಎಂದರೆ ಅಲ್ಲಿಂದ ಯಾರೋ ಎದ್ದುಬಿಟ್ಟಾರು ಅನ್ನಿಸಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಅಲ್ಲೇ ಹತ್ತಿರದ ತನ್ನ ಹೊಲದಿಂದ ಬಂದ ನೀಲಪ್ಪ ನನ್ನ ಕೈಯಿಂದ ಮುಚ್ಚಳ ಕಸಿದು ಹಾಕಿದ. ‘ಮಾಸ್ತರ, ಏನ್ ಹಚ್ಚೀರಿ ಇದು? ಬಿಸಿಲು ಏರಿ ಇಳಿಯಾಕತ್ತೇತಿ. ಮನಿಗೆ ನಡೀರಿ’ ಅಂದ.

ಆ ಪ್ಲೇಟು ತೊಳೆದರೆ ಪೂರ್ತಿ ಕಪ್ಪು. ಗಾಜಿನ ಮೇಲೆ ಬೆಳಕು ಕಪ್ಪಾಗಿ ಬರುತ್ತದೆ, ಅಷ್ಟು ಬೆಳಕು ಕುಡಿದ ಪ್ಲೇಟು ಕಪ್ಪೇ ಆಗಬೇಕು. ಕಿಟಕಿಗೆ ಹಿಡಿದರೆ ನಡುವೆ ಒಂದು ಕಡೆ ಮಾತ್ರ ತೆಳ್ಳಗಿತ್ತು, ಕುಳಿತ ಮನುಷ್ಯರ ಅಳತೆಯಷ್ಟು. ಔಷಧ ಸರಿಯಾಗಿ ಹರಿದಿಲ್ಲ ಅಂದುಕೊಂಡೆ. ಹಾಗೇ ಇರಬೇಕು. ಆಮೇಲೆ ನಾನು ಪೆಟ್ಟಿಗೆ ಬಿಚ್ಚಿಲ್ಲ.

ಆದ್ದರಿಂದ ನನ್ನ ಮಾತು ಕೇಳು. ಯಾರನ್ನಾದರೂ ಕೂಡ್ರಿಸಿ ಫೋಟೋ ತೆಗೆಯುವಾಗ ಅಂಕಿ ಎಣಿಸಬೇಡ. ಮಳೆಗಳ ಹೆಸರು ಹೇಳು. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ, ಮಿರಗ. ಒಂದೊಂದು ಹೆಸರು ಒಂದೊಂದು ಉಸಿರಿಗೆ. ಅದರಲ್ಲಿ ಯಾವುದನ್ನು ಕೇಳಿಯೂ ಯಾರೂ ಏಳುವುದಿಲ್ಲ.

ಶ್ರಾವಣದಲ್ಲಿ ತಪ್ಪದೆ ಬನ್ನಿ. ಅತ್ತಿ ಈಗಲೇ ಶೇಂಗಾ ಹುರಿದಿಡುವ ಮಾತಾಡುತ್ತಿದ್ದಾಳೆ. ಮೆಟ್ಟಿಲಿನ ವಿಷಯ ನೀನು ಬಂದಾಗ ಮಾತಾಡೋಣ. ಶೆಟ್ಟೆವ್ವನಿಗೆ ನನ್ನ ಆಶೀರ್ವಾದ ಹೇಳು. ನಿಮ್ಮಿಬ್ಬರ ಬಾಳು ತುಂಬಿದ ಕಣದ ಹಾಗಿರಲಿ, ಯಲ್ಲಮ್ಮ ನಿಮ್ಮ ಬೆನ್ನಿಗಿರಲಿ.

ಇಂತಿ ನಿನ್ನ ಹಿತ ಬಯಸುವ
ಅಪ್ಪ, ಗಂಗಪ್ಪ

ತಾ.ಕ. ಸೋಮವಾರ ಬೆಳಿಗ್ಗೆ. ಕಾಗದವನ್ನು ಮರೆವ್ವತ್ತಿಗೆ ಓದಿ ಹೇಳಿದೆ. ಕೊನೆಯವರೆಗೆ ಕೇಳಿ, ‘ಮೆಟ್ಟಲದ್ದು ಬರದಿಲ್ಲಲ್ಲೋ’ ಅಂದಳು. ಬಂದಾಗ ಹೇಳುತ್ತೇನೆ ಅಂದೆ. ‘ಕಾಗದದಾಗ ಬರೀಲಾರದ್ದನ್ನ ಹುಡುಗನ ಮಾರಿ ನೋಡಿ ಹೇಳ್ತೀಯೇನು? ಎಂಟು ವರ್ಷ ಆತು. ನೀಲಪ್ಪನ ಬಾಯಿಂದ ಕೇಳೂಕಿಂತ ನಿನ್ನ ಕೈಯಿಂದ ಓದ್ಲಿ’ ಅಂದಳು. ಅಂಚೆಯವ ಬರುವುದರೊಳಗೆ ಬರೆಯುತ್ತೇನೆ.

ಹೊಲದ ಬದು ಸುಳ್ಳು ಬಾಳು. ಬದುವಿನ ಮೇಲೆ ಅಲ್ಲ, ಆ ಮೆಟ್ಟಿಲ ಮೇಲೆ.

ಎರಡನೆಯ ಸಲ ಕೂಡ್ರಿಸುವಾಗ ನಾನು ಅವಳಿಗೆ ಹೇಳಿದ್ದು ಹೀಗೆ: ‘ಇದು ಕಡೀ ಪ್ಲೇಟು. ನಾ ಮುಚ್ಚಳಾ ಹಾಕಿ ಏಳು ಅನ್ನೂತನಕ ಏನ ಆದ್ರೂ ಅಲುಗಾಡಬ್ಯಾಡ.’ ಅವಳು ಹೂಂ ಅಂದಳು. ನಾನು ಎಣಿಸಿದೆ. ನಡುವೆ ಸೂರ್ಯ ಹೊರಬಂದರೆ ಎಣಿಕೆ ತಪ್ಪೀತು ಎಂದು ಪೂರ್ತಿ ಇಪ್ಪತ್ತೂ ನನ್ನ ಕಣ್ಣು ಮೋಡದ ಮೇಲಿತ್ತು. ಒಮ್ಮೆಯೂ ಅವಳನ್ನು ನೋಡಲಿಲ್ಲ. ಇಪ್ಪತ್ತಕ್ಕೆ ಮುಚ್ಚಳ ಹಾಕಿ, ಗೆದ್ದೆ ಎಂದುಕೊಂಡು ಪ್ಲೇಟು ಜೋಪಾನ ಮಾಡತೊಡಗಿದೆ. ಹಿಂದಿನಿಂದ ಅವಳು ಮೆಲ್ಲಗೆ ಕೇಳಿದಳು, ‘ಇನ್ನ ಏಳಲೇನ್ರಿ?’

‘ಏಳು’ ಅಂದೆ.

ಎದ್ದಳು, ಬಿದ್ದಳು. ಎಡಗಾಲ ಹಿಮ್ಮಡಿಯಲ್ಲಿ ಎರಡು ಚುಕ್ಕೆ. ಯಾಕ ಕೂಗಲಿಲ್ಲ, ಯಾಕ ಕಾಲು ಎಳಕೊಳ್ಳಲಿಲ್ಲ ಎಂದು ಚೀರಿದೆ. ‘ನೀವಿನ್ನೂ ಎಣಸಾಕತ್ತಿದ್ರಿ’ ಅಂದಳು. ಅಷ್ಟೇ ಅಂದದ್ದು.

ಎರಡೂ ಪ್ಲೇಟನ್ನು ಹತ್ತಿಯಲ್ಲಿ ಸುತ್ತಿ, ಮುನವಳ್ಳಿಯ ಬಸಲಿಂಗಪ್ಪ ಹುಬ್ಬಳ್ಳಿಗೆ ಬರುವಾಗ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಮೊದಲನೆಯದರಲ್ಲಿ ಅವಳ ಮೈಯೊಳಗಿಂದ ಕಲ್ಲು ಕಾಣುತ್ತದೆ, ಹೆದರಬೇಡ, ಅವತ್ತು ಅವಳು ಎದ್ದಿದ್ದಳು. ಎರಡನೆಯದರಲ್ಲಿ ಎಲ್ಲ ಸ್ಪಷ್ಟವಾಗಿದೆ. ರೆಪ್ಪೆ ಕೂಡ ಎಣಿಸಬಹುದು. ತುಟಿಯ ಮೇಲಿನ ನಗು ಹಾಗೇ ಇದೆ. ಎಡಗಾಲಿನ ಹತ್ತಿರ, ಹುಲ್ಲಿನ ಸಂದಿಯಿಂದ ಹೊಗೆಯಂಥ ಒಂದು ಗೆರೆ ಬಂದು ಹೋಗಿದೆ. ಆ ಇಡೀ ಚಿತ್ರದಲ್ಲಿ ಅಲುಗಾಡಿದ್ದು ಅದೊಂದೇ. ನಾನು ತೆಗೆದ ಫೋಟೋಗಳಲ್ಲೆಲ್ಲ ಒಳ್ಳೆಯದು ಅದೇ. ನನ್ನನ್ನು ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಶೆಟ್ಟೆವ್ವನನ್ನು ಆ ಮೆಟ್ಟಿಲ ಮೇಲೆ ಕೂಡ್ರಿಸಬೇಡ, ಎಲ್ಲಿ ಕೂಡ್ರಿಸಿದರೂ ಅವಳನ್ನೇ ನೋಡುತ್ತಿರು. ಪ್ಲೇಟು ಹಾಳಾದರೆ ಹಾಳಾಗಲಿ.

ನೀಲಪ್ಪ ಎತ್ತುಗಳನ್ನು ಸಾಯಹೊಡೆದು ಓಡಿಸಿದ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಹೂಲಿಯಿಂದ ಸವದತ್ತಿಯ ಅಗಸಿಬಾಗಿಲಿನವರೆಗೆ ನಾನು ಅವಳಿಗೆ ಅದೊಂದೇ ಮಾತು ಹೇಳುತ್ತ ಬಂದೆ. ಏಳು, ರಾಮವ್ವಾ, ಏಳು. ಆ ಮಾತನ್ನು ಅವಳು ಕೇಳದಿದ್ದುದು ಅದೇ ಮೊದಲು.